ಹ್ಯೂಮರ್ ಎಂಬ ಕ್ರಿಯಾಪದ

ಮನೆಯಿಂದ
ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ಇವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನೀವೂ ನಿಮ್ಮ ಹಡಗೂ ಕ್ಷೇಮವೆಂದು ನಂಬಿದ್ದೇನೆ. ‘ಪ್ರೀತಿಯ’ ಎಂದು ಶುರುಮಾಡಲು ಹೋದರೆ ಪೆನ್ನು ಅಲ್ಲೇ ನಿಂತಿತು, ಅದಕ್ಕೇ ಬರಿಯ ‘ಇವರಿಗೆ’ ಎಂದು ಬರೆದಿದ್ದೇನೆ. ಬೇಜಾರಾದರೆ ಆಗಲಿ. ನಿಮ್ಮ ಹಿಂದಿನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಉಳಿದದ್ದಕ್ಕೆ ಮಾತ್ರ ಕ್ಷಮೆ ಇರಲಿ. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಬರೆಯಲು ಕೂತಾಗಲೆಲ್ಲ ಅಕ್ಷರಗಳು ಕಾಗದ ತೂತಾಗುವಷ್ಟು ಒತ್ತಿ ಬೀಳುತ್ತಿದ್ದವು. ಈಗ ಕೈ ಹಿಡಿತಕ್ಕೆ ಬಂದಿದೆ. ಸಿಟ್ಟು ಇನ್ನೂ ಹಿಡಿತಕ್ಕೆ ಬಂದಿಲ್ಲ.

ಹೋದ ವಾರ ಬಂದರಿನಿಂದ ಫೋನ್ ಮಾಡಿದಾಗ ನೀವು, “ಯಾಕೆ, ದನಿ ಒಂಥರಾ ಇದೆ?” ಎಂದು ಕೇಳಿದಿರಿ. “ಏನಿಲ್ಲ” ಎಂದು ಅತ್ತೆಯ ಕೈಗೆ ಫೋನ್ ಕೊಟ್ಟುಬಿಟ್ಟೆ. ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನೀವು ಆ ಕಡೆಯಿಂದ “ಹೂಂ... ಹೂಂ...” ಎನ್ನುತ್ತಿದ್ದಿರಿ, ನಡುವೆ ಯಾರಿಗೋ ಎಂಜಿನ್ನಿನ ವಿಷಯ ಹೇಳುತ್ತಿದ್ದಿರಿ, ಕೊನೆಗೆ “ಆಯ್ತು ಬಿಡು, ತಲೆ ಕೆಡಿಸ್ಕೋಬೇಡ” ಎಂದು ಇಡುತ್ತಿದ್ದಿರಿ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ. ಓದಬೇಕು, ಇಲ್ಲವೇ ಹರಿದು ಸಮುದ್ರಕ್ಕೆ ಹಾಕಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಅಡುಗೆಮನೆಯ ನಲ್ಲಿ ಕೊನೆಗೂ ರಿಪೇರಿಯಾಯಿತು. ನಮ್ಮ ಸೋಫಾ ಕವರಿನ ಅಂಗಡಿಗೆ ಒಂದು ಸಿನಿಮಾ ಮಂದಿರದ ಸೀಟುಗಳೆಲ್ಲ ಬಂದಿವೆ. ಕೆಂಪು ರೆಕ್ಸಿನ್, ಎಷ್ಟು ದಪ್ಪವೆಂದರೆ ಸೂಜಿಗಳು ಪಟಪಟನೆ ಮುರಿಯುತ್ತವೆ. ನನ್ನ ಬೆರಳ ತುದಿಗಳು ಮದುವೆ ಹೆಣ್ಣಿನ ಹಾಗೆ ಕೆಂಪಾಗಿವೆ, ಅಷ್ಟೇ ಭಾಗ್ಯ. ಗುಬ್ಬಿಗೆ ಮೇಲಿನ ಹಲ್ಲು ಬಿದ್ದಿದೆ. ಶಾಲೆಯಲ್ಲಿ ಓಟದಲ್ಲಿ ಎರಡನೆಯವಳಾಗಿ ಬಂದು, ಮೊದಲು ಬಂದವಳು ಮೋಸ ಮಾಡಿದಳೆಂದು ಕೈ ಬಾಯಿ ಎರಡರಲ್ಲೂ ಜಗಳ ತೆಗೆದಿದ್ದಾಳೆ. ಅವಳ ಕಿವಿಯ ಮೆಷಿನ್ನಿಗೆ ಹೊಸ ಬ್ಯಾಟರಿ ಹಾಕಿಸಿದೆ. ಅತ್ತೆಯ ಮಂಡಿ ನೋವು ಹಾಗೇ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ.

ಗುಬ್ಬಿಯ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ತಂದೆತಾಯಿಯರಿಗೆ ಇಂಗ್ಲಿಷ್ ಕ್ಲಾಸು ಶುರುವಾದದ್ದು ನಿಮಗೆ ಗೊತ್ತು. ಮಾತಿನ ಅಭ್ಯಾಸಕ್ಕೆ ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಅದರಲ್ಲಿ ಏನಿದೆಯೆಂದು ತಿಳಿಯದೆ ಮನೆಯಲ್ಲಿ ಮಗುವಿಗೆ ಏನು ಹೇಳಿಕೊಡುವುದು? ಸೇರುತ್ತೇನೆ ಎಂದಾಗ ನೀವು, “ಸೇರು ಸೇರು, ಒಳ್ಳೇದೇ, ಹೊತ್ತು ಹೋಗುತ್ತೆ” ಎಂದಿರಿ. ನನಗೆ ಹೊತ್ತು ಹೋಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರೋ.

ಪಾಠ ಹೇಳುವ ಮೇಡಂ ಹಿಂದೆ ರೈಲು ನಿಲ್ದಾಣದಲ್ಲಿ ಮೈಕಿನಲ್ಲಿ ರೈಲು ಬರುವುದು ಹೋಗುವುದನ್ನು ಕೂಗಿ ಹೇಳುವ ಕೆಲಸದಲ್ಲಿದ್ದವರು. ಈಗಲೂ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಾರೆ. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ನಾವು ದೊಡ್ಡವರೆಲ್ಲ ಮಂಡಿಯನ್ನು ಎದೆಗೆ ತಾಗಿಸಿಕೊಂಡು ಕೂತಿರುತ್ತೇವೆ. ನನ್ನ ಪಕ್ಕದಲ್ಲಿ ಕೂರುವವರು ಒಬ್ಬ ಬೇಕರಿಯವರು, ಅವರ ಮಗ ಗುಬ್ಬಿಯ ತರಗತಿಯಲ್ಲೇ ಇದ್ದಾನೆ.

ಎರಡು ವಾರದ ಹಿಂದೆ ಒಂದು ಶನಿವಾರ ಮೇಡಂ, “ಗೊತ್ತಿಲ್ಲದ ಪದ ಏನೂ ಮಾಡಲ್ಲ ರೀ. ಗೊತ್ತು ಅಂದ್ಕೊಂಡಿರೋ ಪದಾನೇ ಕೈ ಕೊಡೋದು” ಎಂದು ಹೇಳಿ, ಇನ್ನೊಂದು ಸಲವೂ ಹೇಳಿ, ಬೋರ್ಡಿನ ಮೇಲೆ ‘ಹ್ಯೂಮರ್’ ಎಂದು ಬರೆದರು. ಅರ್ಥವೇನೆಂದು ಕೇಳಿದರು.

“ಹಾಸ್ಯ, ಮೇಡಂ” ಎಂದರು ಬೇಕರಿಯವರು.

ನಾನೂ ಕೈಯೆತ್ತಿದೆ. “ತಮಾಷೆ ಸ್ವಭಾವ” ಎಂದೆ. ಈ ಪದ ನನಗೆ ಬಹಳ ದಿನದಿಂದ ಗೊತ್ತು ಎಂಬ ಜಂಬ ಬೇರೆ.

“ಸರಿ. ಅದು ನಾಮಪದ ಆದಾಗ. ಕ್ರಿಯಾಪದ ಆದಾಗ? ಒಬ್ಬರು ಇನ್ನೊಬ್ಬರನ್ನ ಹ್ಯೂಮರ್ ಮಾಡಿದರು ಅಂದ್ರೆ?”

ನಗಿಸಿದರು ಎಂದರು ಯಾರೋ. ಮೇಡಂ ತಲೆಯಾಡಿಸಿದರು. “ಅಲ್ಲ. ಎದುರಿಗಿರೋರು ಹೇಳ್ತಿರೋದ್ರಲ್ಲಿ ಹುರುಳಿಲ್ಲ ಅಂತ ನಾವು ಮೊದಲೇ ತೀರ್ಮಾನ ಮಾಡ್ಕೊಂಡಿರ್ತೀವಿ. ವಾದ ಮಾಡೋಕೆ ಬೇಜಾರು. ಅದಕ್ಕೆ ಹೂಂ ಹೂಂ ಅಂತ, ಅವರು ಹೇಳಿದ ಹಾಗೇ ಮಾಡ್ತಿರೋ ತರ ನಟಿಸ್ತೀವಿ. ನಮ್ಮ ಮಾವ ರಿಟೈರ್ ಆಗಿ ಎಷ್ಟೋ ವರ್ಷ ಆದ್ಮೇಲೂ ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡು ಡ್ಯೂಟಿಗೆ ಹೊರಡೋರು. ‘ಇವತ್ತು ರಜೆ ಅಂತೆ ಮಾವ’ ಅಂತ ನಾವು ವಾಪಸ್ ಕೂರಿಸ್ತಿದ್ವಿ. ವಿ ಹ್ಯೂಮರ್ಡ್ ಹಿಮ್. ಇನ್ನೊಂದ್ಸಲ, ವಿ ಹ್ಯೂಮರ್ಡ್ ಹಿಮ್.”

“ಮಕ್ಕಳು ಮಣ್ಣಲ್ಲಿ ಕೇಕ್ ಮಾಡಿ ತಂದಾಗ ತಿಂದ ಹಾಗೆ ಮಾಡ್ತೀವಲ್ಲ, ಅದಾ?” ಎಂದರು ಬೇಕರಿಯವರು.

“ಅದೇ. ಚಿಕ್ಕ ಮಕ್ಕಳನ್ನ, ತುಂಬ ವಯಸ್ಸಾದೋರನ್ನ, ತಲೆ ಸರಿ ಇಲ್ಲದೋರನ್ನ ಹಾಗೆ ಮಾಡ್ತೀವಿ.”

ಈ ಮೂರರಲ್ಲಿ ನಾನು ಯಾವುದು, ರೀ?

ಬೋರ್ಡು ನನ್ನ ಕಣ್ಣಿಂದ ಮಾಯವಾಯಿತು. ಮಕ್ಕಳ ಡಾಕ್ಟರ ಕೋಣೆ ಕಂಡಿತು. ಗೋಡೆಯ ಮೇಲೆ ಮಕ್ಕಳ ಎತ್ತರ ಅಳೆಯುವ ಜಿರಾಫೆ, ಮೇಜಿನ ಗಾಜಿನ ಕೆಳಗೆ ಸಿಕ್ಕಿಸಿಟ್ಟ ಔಷಧ ಕಂಪನಿಯ ಕ್ಯಾಲೆಂಡರು, ನನ್ನ ತೊಡೆಯ ಮೇಲೆ ಒಂದೂವರೆ ವರ್ಷದ ಗುಬ್ಬಿ. ನಿಮಗೆ ನೆನಪಿದೆಯೋ ಇಲ್ಲವೋ. ಇಲ್ಲದಿದ್ದರೆ ನಾನೇ ಹೇಳುತ್ತೇನೆ, ಪೂರ್ತಿ ಓದಿ.

ಆಗ ನಾನು ಮನೆಯಲ್ಲೇ ಹೊಲಿಯುತ್ತಿದ್ದೆ. ಮೆಷಿನ್ನಿನ ಪಕ್ಕದಲ್ಲೇ ಅವಳ ತೊಟ್ಟಿಲು. ನಾನು ಎಷ್ಟು ಜೋರಾಗಿ ತುಳಿದರೂ ಅವಳು ನಿದ್ದೆಯಿಂದ ಏಳುತ್ತಿರಲಿಲ್ಲ. ಒಂದು ದಿನ ದೊಡ್ಡ ಕತ್ತರಿ ಸ್ಟೀಲ್ ತಟ್ಟೆಯ ಮೇಲೆ ಬಿದ್ದು, ಪಕ್ಕದ ಮನೆಯವರು ಏನಾಯಿತೆಂದು ಕೇಳಿಕೊಂಡು ಬಂದರು. ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಇವಳು ರೆಪ್ಪೆ ಅಲುಗಿಸಲಿಲ್ಲ. ಅತ್ತೆ, “ಎಷ್ಟು ಶಾಂತ ಮಗು, ಪುಣ್ಯ ಮಾಡಿದ್ದೀಯ” ಎಂದರು. ನನಗೆ ಅದು ಶಾಂತಿ ಅನ್ನಿಸಲಿಲ್ಲ. ನೀವು ರಜೆಗೆ ಬಂದ ದಿನದಿಂದ ನಿಮ್ಮ ಬೆನ್ನು ಬಿದ್ದೆ. “ಮಗೂಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ ರೀ.” “ಆಯ್ತು, ನೋಡೋಣ.” “ರೀ, ಕೇಳಿಸ್ತಿಲ್ಲ.” “ಆಯ್ತು ಮಾರಾಯ್ತಿ, ತೋರಿಸೋಣ.” ಕೊನೆಗೆ ಕರೆದುಕೊಂಡು ಹೋದಿರಿ.

ಡಾಕ್ಟರು ಗುಬ್ಬಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅವಳು ತಿರುಗಿದಳು. “ನೋಡಿ ಅಮ್ಮ, ಚೆನ್ನಾಗೇ ಕೇಳಿಸುತ್ತೆ” ಎಂದರು. “ಸಾರ್, ಕಿಟಕಿ ನಿಮ್ಮ ಬೆನ್ನಿಗಿದೆ. ಗೋಡೆ ಮೇಲೆ ನಿಮ್ಮ ನೆರಳು ಅಲ್ಲಾಡಿತು, ಅದನ್ನ ನೋಡಿ ತಿರುಗಿದ್ದು. ಇನ್ನೊಂದ್ಸಲ ಈ ಕಡೆಯಿಂದ ತಟ್ಟಿ ನೋಡಿ” ಎಂದೆ. ಅವರು ನಿಮ್ಮ ಮುಖ ನೋಡಿದರು. ಆಗ ನೀವು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಿರಿ. ನನಗೆ ಅರ್ಥವಾಗದ್ದು ಕಿವಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. “ಪ್ಲೀಸ್ ಡಾಕ್ಟರ್, ಜಸ್ಟ್ ಹ್ಯೂಮರ್ ಹರ್.” ಡಾಕ್ಟರು ಮುಗುಳ್ನಕ್ಕು, ಗುಬ್ಬಿಯ ಕಿವಿಯೊಳಗೆ ದೀಪ ಬಿಟ್ಟು ನೋಡಿ, “ಸ್ವಲ್ಪ ನರದ ಬಲಹೀನತೆ ಇರಬಹುದು, ಈ ಸಿರಪ್ ಕೊಡಿ, ಸರಿಹೋಗುತ್ತೆ” ಎಂದು ಚೀಟಿ ಬರೆದರು.

ಆ ಕಿತ್ತಳೆ ಬಣ್ಣದ ಸಿರಪ್ಪನ್ನು ನಾನು ಬೆಳಿಗ್ಗೆ ಸಂಜೆ ತಪ್ಪದೆ ಕುಡಿಸಿದೆ. ಮುಗಿದಾಗ ಮತ್ತೆ ತಂದೆ. ಅತ್ತೆ ಮರೆತರೆ ಅತ್ತೆಯ ಮೇಲೆ ರೇಗಿದೆ. ನೀವು ಹಡಗಿಗೆ ವಾಪಸಾದ ಮೇಲೆ ಪ್ರತಿ ಫೋನಿನಲ್ಲೂ “ಸಿರಪ್ ಕೊಡ್ತಿದ್ದೀಯಾ?” ಎಂದು ಕೇಳುತ್ತಿದ್ದಿರಲ್ಲ, ಯಾವ ಬಾಯಲ್ಲಿ ಕೇಳುತ್ತಿದ್ದಿರಿ?

ಆಮೇಲೆ ಆದದ್ದು ನಿಮಗೂ ಗೊತ್ತು. ನರ್ಸರಿಯಲ್ಲಿ ಬೆಂಕಿಯ ಗಂಟೆ ಹೊಡೆದು ಅಭ್ಯಾಸ ಮಾಡಿಸಿದ ದಿನ ಉಳಿದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಅತ್ತವಂತೆ, ಇವಳೊಬ್ಬಳು ನೆಲದ ಮೇಲೆ ಕೂತು ಹಸಿರು ಬಣ್ಣದಲ್ಲಿ ಬೆಕ್ಕಿನ ಚಿತ್ರ ಬಿಡಿಸುತ್ತಿದ್ದಳಂತೆ. ದೊಡ್ಡ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಪರೀಕ್ಷೆ ಮಾಡಿದ ಹುಡುಗಿ ಹೊರಗೆ ಬಂದು, “ಮಾತು ಕಲಿಯೋ ವಯಸ್ಸೇ ಕಳೆದುಹೋಯ್ತಲ್ಲ, ಇಷ್ಟು ದಿನ ನೀವು ಯಾಕಮ್ಮ ಸುಮ್ಮನಿದ್ರಿ?” ಎಂದು ನನ್ನನ್ನು ಕೇಳಿದಳು. ನನ್ನನ್ನು! ಡಾಕ್ಟರೇ ನೋಡಿದ್ದರಲ್ಲ, ಅವರಿಗೂ ತಿಳಿಯಲಿಲ್ಲವಲ್ಲ, ನಾನೇ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೇನೋ ಎಂದುಕೊಂಡು ತಲೆ ತಗ್ಗಿಸಿದೆ. ನೀವು ಫೋನಿನಲ್ಲಿ, “ಯಾರ ತಪ್ಪೂ ಅಲ್ಲ, ಆಗಿದ್ದು ಆಯ್ತು” ಎಂದಿರಿ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ನನ್ನ ಮೇಲೆ ಹೊರಿಸಲಿಲ್ಲವಲ್ಲ ಎಂದು ನಿಮಗೆ ಋಣಿಯಾಗಿದ್ದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಕ್ಲಾಸಿನಲ್ಲಿ ಮೇಡಂ ಒಬ್ಬೊಬ್ಬರಿಂದಲೂ ಒಂದು ವಾಕ್ಯ ಮಾಡಿಸುತ್ತಾ ಬಂದರು. ನನ್ನ ಸರದಿ ಬಂದಾಗ ಎದ್ದು ನಿಂತೆ. “ಮೈ ಹಸ್ಬೆಂಡ್ ಹ್ಯೂಮರ್ಡ್ ಮಿ” ಎಂದೆ.

“ವೆರಿ ಗುಡ್! ಭೂತಕಾಲ ಕರೆಕ್ಟಾಗಿ ಹಾಕಿದ್ದೀರಿ” ಎಂದರು ಮೇಡಂ. ಇನ್ನೊಂದು ಸಲವೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮುಖ ನೋಡಿ ಬೇಕರಿಯವರು ಮಾತ್ರ ತಟ್ಟುತ್ತಿದ್ದ ಕೈ ನಿಲ್ಲಿಸಿದರು.

ಸೋಮವಾರ ಅಂಗಡಿಗೆ ಹೇಳಿ ಬೆಳಿಗ್ಗೆಯೇ ಆ ಡಾಕ್ಟರ ಹತ್ತಿರ ಹೋದೆ. ಅದೇ ಕೋಣೆ. ಜಿರಾಫೆಗೆ ಹೊಸ ಬಣ್ಣ ಹೊಡೆಸಿದ್ದಾರೆ. ಮಗು ಎಲ್ಲಿ ಎಂದು ಕೇಳಿದರು. ಮಗು ಶಾಲೆಗೆ ಹೋಗಿದೆ, ಕಿವುಡ ಮಕ್ಕಳ ಶಾಲೆಗೆ ಎಂದೆ. ಎಲ್ಲವನ್ನೂ ನೆನಪು ಮಾಡಿಕೊಟ್ಟೆ. ಮೊದಲು ಅವರಿಗೆ ನೆನಪಾಗಲಿಲ್ಲ. ಹಡಗಿನ ಎಂಜಿನಿಯರ್ ಎಂದ ಕೂಡಲೇ ನೆನಪಾಯಿತು. ನಿಮ್ಮನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ ನೋಡಿ.

“ಆ ಸಿರಪ್ ಏನು ಸಾರ್?”

“ಅದು... ವಿಟಮಿನ್ ಅಮ್ಮ. ಮಗೂಗೆ ಒಳ್ಳೇದೇ.”

“ಕಿವಿಗೆ?”

ಅವರು ಸ್ಟೆತಾಸ್ಕೋಪನ್ನು ಕೈಗೆ ಸುತ್ತಿಕೊಂಡರು, ಬಿಚ್ಚಿದರು. “ನೋಡಿ, ನೀವು ಒಳಗೆ ಬರೋ ಮೊದಲೇ ನಿಮ್ಮ ಯಜಮಾನರು ನನಗೆ ಹೇಳಿದ್ರು. ಹೆಂಡತಿಗೆ ಹೆರಿಗೆ ಆದಾಗಿನಿಂದ ಗಾಬರಿ ಜಾಸ್ತಿ, ಏನಾದ್ರೂ ಒಂದು ಔಷಧ ಕೊಟ್ಟು ಕಳಿಸಿ, ಸಮಾಧಾನ ಆಗ್ತಾಳೆ ಅಂತ. ಓದಿದೋರು, ತಂದೆ, ಅವರೇ ಹಾಗೆ ಹೇಳಿದ ಮೇಲೆ...”

“ಓದಿದೋರು ಹಡಗಲ್ಲಿದ್ರು ಸಾರ್. ಮಗು ಜೊತೆ ಇದ್ದಿದ್ದು ನಾನು.”

“ಈಗ ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಮಗಳು ಚೆನ್ನಾಗಿ ಬೆಳೀತಿದ್ದಾಳಲ್ಲ. ನೀವು ತುಂಬ ಧೈರ್ಯದ ತಾಯಿ. ಸ್ವಲ್ಪ ನೀರು ಕುಡೀರಿ” ಎಂದು ಗ್ಲಾಸು ಮುಂದೆ ತಳ್ಳಿದರು. ದನಿಯಲ್ಲಿ ಬೆಣ್ಣೆ.

ನಾನು ಎದ್ದು ನಿಂತೆ. “ಡೋಂಟ್ ಹ್ಯೂಮರ್ ಮಿ, ಡಾಕ್ಟರ್” ಎಂದೆ.

ಎಷ್ಟು ಜೋರಾಗಿ ಹೇಳಿದೆನೋ, ಹೊರಗೆ ಕೂತಿದ್ದ ಮಕ್ಕಳಲ್ಲಿ ಒಂದು ಅಳಲು ಶುರುಮಾಡಿತು. ಕೇಳಿಸಿಕೊಂಡು ಅಳುವ ಮಗು. ಪಾಪ, ಅದರ ತಪ್ಪೇನು? ಡಾಕ್ಟರ ಕೈ ಗ್ಲಾಸಿನ ಮೇಲೇ ಇತ್ತು. ಕೊನೆಗೆ, “ನಾನು ಪರೀಕ್ಷೆಗೆ ಕಳಿಸಬೇಕಿತ್ತು. ತಪ್ಪು ನನ್ನದು” ಎಂದರು. ಆ ಮಾತನ್ನು ತೆಗೆದುಕೊಂಡು ಬಂದಿದ್ದೇನೆ. ಅದರಿಂದ ಗುಬ್ಬಿಗೆ ಏನೂ ಬರುವುದಿಲ್ಲ, ಆದರೂ ಆ ಮನುಷ್ಯ ಬಾಯಿಬಿಟ್ಟು ಹೇಳಿದರು. ನೀವು ಇನ್ನೂ ಹೇಳಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಿಮ್ಮ ಪರ ವಹಿಸುತ್ತಾರೆ, ಇವತ್ತು ಅವರೊಂದಿಗೂ ಆಗಿಹೋಗಲಿ ಎಂದು ಸೆರಗು ಸಿಕ್ಕಿಸಿಕೊಂಡೇ ಕೂತಿದ್ದೆ. ಅತ್ತೆ ಎಲ್ಲವನ್ನೂ ಕೇಳಿದರು. “ಆ ಇಂಗ್ಲಿಷ್ ಮಾತು ಇನ್ನೊಂದ್ಸಲ ಹೇಳು” ಎಂದರು. ಹೇಳಿದೆ. “ಹ್ಯೂಮರ್ ಹರ್...” ಎಂದು ತಮ್ಮಷ್ಟಕ್ಕೆ ಅಂದುಕೊಂಡು ಗೋಡೆ ಹಿಡಿದು ಎದ್ದು, ತಮ್ಮ ಮಾತ್ರೆಯ ಡಬ್ಬಿ ತಂದು ನನ್ನ ಮುಂದೆ ಸುರಿದರು. “ಹೋದ ಸಲ ನನ್ನ ಮಂಡಿ ತೋರಿಸೋಕೆ ಕರ್ಕೊಂಡು ಹೋದಾಗ್ಲೂ ಇವನು ಡಾಕ್ಟರ ಹತ್ರ ಇದೇ ಅಂದ ಕಣೇ. ಸರಿಯಾಗಿ ನೋಡು, ಇದು ಮಂಡಿ ಮಾತ್ರೆನಾ, ಇಲ್ಲಾ ನನಗೂ ಮಿಠಾಯಿ ತಿನ್ನಿಸ್ತಿದ್ದಾನಾ?” ನಗಬಾರದಿತ್ತು, ನಕ್ಕುಬಿಟ್ಟೆ. ಅವರಿಗೆ ನಗು ಬರಲಿಲ್ಲ. ಮರುದಿನ ತಾವೇ ಕುಂಟುತ್ತಾ ಔಷಧದ ಅಂಗಡಿಗೆ ಹೋಗಿ ಒಂದೊಂದು ಮಾತ್ರೆಯನ್ನೂ ತೋರಿಸಿ ವಿಚಾರಿಸಿಕೊಂಡು ಬಂದರು. ಒಂದು ನೋವಿನದು, ಇನ್ನೊಂದು ಬರಿಯ ಸುಣ್ಣದ ಸತ್ವವಂತೆ. ಅವನು ಬರಲಿ ಎಂದಿದ್ದಾರೆ. ನಾನು ಮಧ್ಯೆ ಬರುವುದಿಲ್ಲ, ಅದು ತಾಯಿ ಮಗನ ಲೆಕ್ಕ.

ಗುಬ್ಬಿಗೆ ಕೇಳಿಸುವುದು ಕಡಿಮೆ, ಕಾಣಿಸುವುದು ಎಲ್ಲರಿಗಿಂತ ಹೆಚ್ಚು. ಆ ವಾರವೆಲ್ಲ ಅವಳು ನನ್ನ ಮುಖವನ್ನೇ ಓದುತ್ತಿದ್ದಳು. ಗುರುವಾರ ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಬಂದು ಕೂತು, ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ಯಾರ ಮೇಲೆ ಸಿಟ್ಟು?” ಎಂದು ತನ್ನ ಒರಟು ದನಿಯಲ್ಲಿ ಕೇಳಿದಳು. “ಯಾರ ಮೇಲೂ ಇಲ್ಲ, ಪುಟ್ಟ” ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಯಲ್ಲೇ ಆ ಪದ ಅಡ್ಡ ಬಂತು. ಇಲ್ಲ, ಈ ಮನೆಯಲ್ಲಿ ಇನ್ನು ಯಾರೂ ಯಾರಿಗೂ ಹಾಗೆ ಮಾಡುವುದು ಬೇಡ.

“ಅಪ್ಪನ ಮೇಲೆ” ಎಂದೆ.

“ಯಾಕೆ?”

“ಅಪ್ಪ ಬಂದ ಮೇಲೆ ಅಪ್ಪನೇ ಹೇಳ್ತಾರೆ.”

ಅವಳು ತನ್ನ ಮೇಲಿನ ತುಟಿ ಮುಟ್ಟಿ ತೋರಿಸಿ, “ನಿಧಾನವಾಗಿ ಹೇಳ್ಬೇಕು. ಮೀಸೆ ಅಡ್ಡ ಬರತ್ತೆ, ತುಟಿ ಕಾಣಲ್ಲ” ಎಂದಳು.

ಆದ್ದರಿಂದ ಹೇಳುತ್ತೇನೆ, ಕೇಳಿ. ಕೇಳುವುದೆಂದರೆ ಹೂಂಗುಟ್ಟುವುದು ಎಂದು ತಿಳಿದಿದ್ದರೆ ಇದೊಂದು ಸಲ ಬಿಟ್ಟುಬಿಡಿ. ಮುಂದಿನ ತಿಂಗಳು ನೀವು ಬಂದಾಗ ಆಟದ ಸಾಮಾನು ತಂದು ಅವಳ ಕೈಗೆ ತುರುಕಿ ವಿಷಯ ದಾಟಿಸಬೇಡಿ. ಬೆಳಕಿನಲ್ಲಿ ಅವಳ ಎದುರಿಗೆ ಕೂತು, ಮೀಸೆ ಕತ್ತರಿಸಿಕೊಂಡು, ‘ನಿನ್ನ ಅಮ್ಮ ಹೇಳಿದ್ದನ್ನು ನಾನು ನಂಬಲಿಲ್ಲ, ನಂಬಿದ ಹಾಗೆ ನಟಿಸಿದೆ, ಡಾಕ್ಟರಿಗೂ ನಟಿಸಲು ಹೇಳಿದೆ’ ಎಂದು ನೀವೇ ಹೇಳಬೇಕು. ಅವಳಿಗೆ ಅರ್ಥವಾಗುವವರೆಗೆ ಹೇಳಬೇಕು. ಅವಳು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಅವಳು ಬಹಳ ಪ್ರಶ್ನೆ ಕೇಳುತ್ತಾಳೆ, ಅದು ನನ್ನಿಂದ ಬಂದ ಗುಣ. ನೀವು ಹೇಳಲಾರಿರಾದರೆ ನಾನು ಹೇಳುತ್ತೇನೆ, ಆಗ ಅದರಲ್ಲಿ ನಿಮ್ಮ ಪಶ್ಚಾತ್ತಾಪ ಇರುವುದಿಲ್ಲ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ.

ನಿಮ್ಮನ್ನು ಬಿಟ್ಟು ಹೋಗುತ್ತೇನೆಂದು ಹೆದರಿಸಲು ಬರೆದದ್ದಲ್ಲ ಇದು. ಇದು ನಾನು ಹೊಲಿದು ದುಡಿದು ನಡೆಸುವ ಮನೆಯೂ ಹೌದು, ನಾನೇಕೆ ಹೋಗಲಿ? ಆದರೆ ಈ ಮನೆಯಲ್ಲಿ ನಾನು ಒಂದು ಮಾತು ಹೇಳಿದರೆ ಅದು ಮಾತು. ಸುಳ್ಳೆನ್ನಿಸಿದರೆ ಸುಳ್ಳು ಎಂದು ಮುಖಕ್ಕೆ ಹೇಳಿ, ಜಗಳ ಆಡೋಣ. ಜಗಳವಾಡಿದ್ದರೆ ಆವತ್ತು ನಾನು ಗೆಲ್ಲುತ್ತಿದ್ದೆ, ರೀ. ಆ ಕೋಣೆಯಲ್ಲೇ ನೆಲದ ಮೇಲೆ ಕೂತು, ಇನ್ನೊಂದು ಸಲ ಚಪ್ಪಾಳೆ ತಟ್ಟುವವರೆಗೆ ಏಳುತ್ತಿರಲಿಲ್ಲ. ನೀವು ಹೂಂ ಎಂದು ನನ್ನನ್ನು ಎಬ್ಬಿಸಿಕೊಂಡು ಬಂದಿರಿ.

ಹೊತ್ತಾಯಿತು. ಅತ್ತೆ ಕಾಫಿಗೆ ಕರೆಯುತ್ತಿದ್ದಾರೆ. ಎಂಜಿನ್ ರೂಮಿನ ಸೆಕೆಗೆ ನೀರು ಸರಿಯಾಗಿ ಕುಡಿಯಿರಿ, ಬೆನ್ನು ನೋವಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳಿ. ಸಮುದ್ರ ಶಾಂತವಾಗಿರಲಿ, ಕ್ಷೇಮವಾಗಿ ಬನ್ನಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ, ನಟನೆಯಲ್ಲ. ಅತ್ತೆಯ ಆಶೀರ್ವಾದ, ಗುಬ್ಬಿಯ ಮುತ್ತು.

ಇಂತಿ,
ಗುಬ್ಬಿಯ ಅಮ್ಮ

ಮ. ವಿ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯದೆ ಇರಲಾರೆ. ಆವತ್ತು ಡಾಕ್ಟರ ಹತ್ತಿರದಿಂದ ಬಸ್ಸಿನಲ್ಲಿ ವಾಪಸಾಗುವಾಗ, “ಡಾಕ್ಟರಿಗೆ ಇಂಗ್ಲಿಷಲ್ಲಿ ಏನು ಹೇಳಿದ್ರಿ?” ಎಂದು ನಿಮ್ಮನ್ನು ಕೇಳಿದ್ದೆ. ನೀವು ಕಿಟಕಿಯಿಂದ ಆಚೆ ನೋಡುತ್ತಾ, “ನಿನ್ನನ್ನ ಹೊಗಳಿದೆ ಕಣೇ. ನನ್ನ ಹೆಂಡತಿಗೆ ಹ್ಯೂಮರ್ ಇದೆ, ಕಷ್ಟದಲ್ಲೂ ನಗ್ತಾಳೆ ಅಂದೆ” ಎಂದಿರಿ. ಮದುವೆಯಾದಾಗಿನಿಂದ ನೀವು ಇನ್ನೊಬ್ಬರೆದುರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅವ್ವನಿಗೆ ಅವತ್ತೇ ಫೋನ್ ಮಾಡಿ ಹೇಳಿದ್ದೆ. ಅವ್ವ ಸಾಯುವವರೆಗೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಗುಬ್ಬಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಗ, ಅಳು ಉಕ್ಕಿ ಬಂದರೂ ನಿಮ್ಮ ಆ ಮಾತು ನೆನೆದು ಮುಖ ಒರೆಸಿಕೊಂಡು ಮಗುವಿನೆದುರು ನಕ್ಕಿದ್ದೆ.